ಛಾಯಾಚಿತ್ರ ಕೆಡುವುದೇಕೆ?

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ನಾವು ಹಂಪೆಗೆ ಪ್ರವಾಸ ಹೋಗಿದ್ದೆವು. ಭೌತವಿಜ್ಞಾನ ಪ್ರಯೋಗಶಾಲೆಯ ಹಿರಿಯ ಅಟೆಂಡರೊಬ್ಬರು ಜೊತೆಗೆ ಬಂದಿದ್ದರು. ಮೂವತ್ತು ವರ್ಷಗಳ ಕಾಲ ನಮ್ಮ ಮಸೂರಗಳನ್ನೂ ಪಟ್ಟಕಗಳನ್ನೂ ಒರೆಸಿ ಕಾಪಾಡಿದ ಅವರಿಗೆ ಅದು ನಿವೃತ್ತಿಯ ವರ್ಷ. ವಿಠ್ಠಲ ದೇವಾಲಯದ ಆವರಣದಲ್ಲಿ ಅವರನ್ನು ಮಂಟಪವೊಂದರ ನೆರಳಿನಲ್ಲಿ ಕುಳ್ಳಿರಿಸಿ, ಹಿಂದೆ ಬಿಸಿಲಿನಲ್ಲಿ ಹೊಳೆಯುತ್ತಿದ್ದ ಕಲ್ಲಿನ ರಥವೂ ಬರುವಂತೆ ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲಿನಿಂದ ಪಟ ತೆಗೆದನು. ಊರಿಗೆ ಮರಳಿ ನೋಡಿದಾಗ ರಥವು ಸೊಗಸಾಗಿ ಮೂಡಿತ್ತು. ಅಟೆಂಡರರ ಮುಖವಿರಬೇಕಾದ ಕಡೆ ಕರಿಯ ಆಕೃತಿಯೊಂದು ಮಾತ್ರ ಇತ್ತು. ಮರುವರ್ಷವೇ ಅವರು ತೀರಿಕೊಂಡರು. ಪ್ರವಾಸದಲ್ಲಿ ತೆಗೆದ ಪಟವಿದ್ದರೆ ಕೊಡಿರೆಂದು ಅವರ ಮಗ ಕೇಳಿಕೊಂಡು ಬಂದಾಗ ನಮ್ಮಲ್ಲಿದ್ದುದು ಅದೊಂದೇ.

ಪಟ ತೆಗೆದ ಹುಡುಗನು ಅಜಾಗರೂಕನೇನೂ ಅಲ್ಲ. ಆತನ ಕಣ್ಣಿಗೆ ಆ ಮುಖ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಕಣ್ಣಿಗೆ ಕಂಡುದು ಕ್ಯಾಮರಾಕ್ಕೇಕೆ ಕಾಣಲಿಲ್ಲ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ, ನಾವೆಲ್ಲರೂ ಪಟ ತೆಗೆಯುವಾಗ ಮಾಡುವ ತಪ್ಪುಗಳಲ್ಲಿ ಬಹುಪಾಲು ಒಂದೇ ಮೂಲದಿಂದ ಹುಟ್ಟಿದವೆಂಬುದು ತಿಳಿದುಬರುತ್ತದೆ. ನಮ್ಮಂತೆಯೇ ಕ್ಯಾಮರಾ ಕೂಡ ನೋಡುತ್ತದೆಂದು ನಾವು ಭಾವಿಸಿದ್ದೇವೆ. ಅದು ನೋಡುವುದಿಲ್ಲ, ತನ್ನ ಮೇಲೆ ಬಿದ್ದ ಬೆಳಕನ್ನು ಲೆಕ್ಕವಿಡುತ್ತದೆ, ಅಷ್ಟೆ.

ಕತ್ತಲೆಯ ಕೋಣೆ

ಕ್ಯಾಮರಾದ ತತ್ತ್ವವನ್ನು ತಿಳಿಯಲು ಹಂಪೆಗಿಂತ ಒಳ್ಳೆಯ ಸ್ಥಳವಿಲ್ಲ. ವಿರೂಪಾಕ್ಷ ದೇವಾಲಯದ ಹಿಂಭಾಗದಲ್ಲಿ ಒಂದು ಕತ್ತಲೆಯ ಕೋಣೆಯಿದೆ. ಅಲ್ಲಿನ ಕಿರುಗಂಡಿಯೊಂದರ ಮೂಲಕ ಒಳಬಂದ ಬೆಳಕು ಎದುರಿನ ಗೋಡೆಯ ಮೇಲೆ ರಾಜಗೋಪುರದ ತಲೆಕೆಳಗಾದ ಬಿಂಬವನ್ನು ಮೂಡಿಸುತ್ತದೆ. ಬೆಳಕು ಸರಳರೇಖೆಯಲ್ಲಿ ಚಲಿಸುವುದರಿಂದ ಗೋಪುರದ ತುದಿಯಿಂದ ಹೊರಟ ಕಿರಣ ಗಂಡಿಯನ್ನು ಹಾಯ್ದು ಗೋಡೆಯ ಕೆಳಭಾಗಕ್ಕೂ, ಬುಡದಿಂದ ಹೊರಟ ಕಿರಣ ಮೇಲ್ಭಾಗಕ್ಕೂ ಬೀಳುತ್ತವೆ. ಗಂಡಿಯಲ್ಲಿ ಮಸೂರವನ್ನೂ ಗೋಡೆಯ ಸ್ಥಾನದಲ್ಲಿ ಫಿಲ್ಮನ್ನೋ ಸಂವೇದಕವನ್ನೋ ಇಟ್ಟರೆ ಅದೇ ಕ್ಯಾಮರಾ. ಸಾವಿರಾರು ರೂಪಾಯಿಯ ಯಂತ್ರವಾಗಲಿ, ಕಿಸೆಯಲ್ಲಿರುವ ಮೊಬೈಲಾಗಲಿ, ಒಳಗಿರುವುದು ಈ ಕತ್ತಲೆಯ ಕೋಣೆಯೇ.

ನಮ್ಮ ಕಣ್ಣೂ ಇಂತಹುದೇ ಕೋಣೆ. ಆದರೆ ಅದರ ಹಿಂದೆ ಮೆದುಳಿದೆ. ಬಿಸಿಲನ್ನು ನೋಡುವಾಗ ಪಾಪೆ ಕಿರಿದಾಗುತ್ತದೆ, ನೆರಳನ್ನು ನೋಡುವಾಗ ಹಿರಿದಾಗುತ್ತದೆ. ಅಕ್ಷಿಪಟವೂ ತನ್ನ ಸೂಕ್ಷ್ಮತೆಯನ್ನು ಬೆಳಕಿಗೆ ತಕ್ಕಂತೆ ಬದಲಿಸಿಕೊಳ್ಳುತ್ತದೆ. ದೃಷ್ಟಿ ರಥದಿಂದ ಮುಖಕ್ಕೆ, ಮುಖದಿಂದ ರಥಕ್ಕೆ ಓಡಾಡುತ್ತಿರಲು, ಮೆದುಳು ಈ ತುಣುಕುಗಳನ್ನೆಲ್ಲ ಹೊಲಿದು ಒಂದೇ ನೋಟವೆಂಬಂತೆ ನಮಗೆ ಒಪ್ಪಿಸುತ್ತದೆ. ಕ್ಯಾಮರಾಕ್ಕೆ ಈ ಉಪಾಯ ಸ್ವಭಾವದಿಂದ ಬಂದಿಲ್ಲ. ಒಂದು ಸಲ ತೆರೆದು ಮುಚ್ಚುವಷ್ಟರಲ್ಲಿ ದೊರೆತ ಬೆಳಕೇ ಅದರ ಸರ್ವಸ್ವ.

ಬೆಳಕಿನ ಅಳತೆ ತಪ್ಪಿದಾಗ

ಮಳೆಗಾಲದಲ್ಲಿ ಸೂರಿನಡಿ ಸಾಲಾಗಿ ಇಟ್ಟ ಕೊಡಗಳನ್ನು ನೆನೆಯಿರಿ. ಸಂವೇದಕದ ಮೇಲಿನ ಪ್ರತಿಯೊಂದು ಪಿಕ್ಸೆಲೂ ಅಂತಹ ಒಂದು ಕೊಡ. ಅದರಲ್ಲಿ ಬೀಳುವ ಹನಿಗಳು ಬೆಳಕಿನ ಕಣಗಳಾದ ಫೋಟಾನುಗಳು. ಎಷ್ಟು ಹನಿ ಬೀಳಬೇಕೆಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಮಸೂರದ ರಂಧ್ರದ ಅಗಲ, ಮತ್ತು ಷಟರ್ ತೆರೆದಿರುವ ಕಾಲ. ರಂಧ್ರವನ್ನು ಎಫ್-ಸಂಖ್ಯೆಯಿಂದ ಸೂಚಿಸುತ್ತಾರೆ. ಮಸೂರದ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಯಿದು. 2, 2.8, 4, 5.6, 8, 11, 16 ಎಂಬ ಶ್ರೇಣಿಯಲ್ಲಿ ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ. 4ರಿಂದ 8ಕ್ಕೆ ಹೋದರೆ ವ್ಯಾಸ ಅರ್ಧವಾಗಿ, ವಿಸ್ತೀರ್ಣವೂ ಬೆಳಕೂ ಕಾಲುಭಾಗಕ್ಕೆ ಇಳಿಯುತ್ತವೆ.

ಈಗ ಅಟೆಂಡರರ ಪಟಕ್ಕೆ ಬರೋಣ. ನಡುಹಗಲಿನ ಬಿಸಿಲಿನಲ್ಲಿ ದೀಪ್ತಿ ಸುಮಾರು 1,00,000 ಲಕ್ಸ್. ಮಂಟಪದ ಒಳಗೆ ಅದು 500 ಲಕ್ಸ್ ಇತ್ತೆಂದು ಇಟ್ಟುಕೊಳ್ಳೋಣ. ಅಂದರೆ ಇನ್ನೂರರಲ್ಲಿ ಒಂದು ಪಾಲು. ಚಿತ್ರದ ಹೆಚ್ಚಿನ ಭಾಗವನ್ನು ಬಿಸಿಲೇ ತುಂಬಿದ್ದುದರಿಂದ ಕ್ಯಾಮರಾ ಬಿಸಿಲಿಗೆ ತಕ್ಕಂತೆ ಕಾಲವನ್ನು ಗೊತ್ತುಮಾಡಿಕೊಂಡಿತು. ರಥದ ಮೇಲಿನ ಒಂದು ಪಿಕ್ಸೆಲಿಗೆ 10,000 ಫೋಟಾನುಗಳು ದೊರೆತವೆಂದರೆ ಮುಖದ ಮೇಲಿನ ಪಿಕ್ಸೆಲಿಗೆ ಸುಮಾರು 50 ಮಾತ್ರ ದೊರೆಯುತ್ತವೆ.

ಪಟವನ್ನು ಆಮೇಲೆ ಬೆಳಗಿಸಿಕೊಳ್ಳಬಹುದಲ್ಲವೆ ಎಂದು ವಾಚಕರು ಕೇಳಬಹುದು. ಇಲ್ಲಿಯೇ ಭೌತವಿಜ್ಞಾನ ಅಡ್ಡ ಬರುತ್ತದೆ. ಫೋಟಾನುಗಳು ಮಳೆಹನಿಗಳಂತೆ ಅಕ್ರಮವಾಗಿ ಬೀಳುವುದರಿಂದ ಅವುಗಳ ಎಣಿಕೆಯಲ್ಲಿ ಏರುಪೇರು ಅನಿವಾರ್ಯ. ಈ ಏರುಪೇರು ಎಣಿಕೆಯ ವರ್ಗಮೂಲದಷ್ಟಿರುತ್ತದೆ. 10,000ಕ್ಕೆ ಏರುಪೇರು 100, ಅಂದರೆ ಶೇಕಡಾ 1. ಐವತ್ತಕ್ಕೆ ಏರುಪೇರು 7, ಅಂದರೆ ಶೇಕಡಾ 14. ಆಮೇಲೆ ಇನ್ನೂರರಿಂದ ಗುಣಿಸಿದರೆ ಮುಖದೊಡನೆ ಈ ಏರುಪೇರೂ ಇನ್ನೂರು ಮಡಿಯಾಗುತ್ತದೆ. ಕೆನ್ನೆ ಹಣೆಗಳ ಮೇಲೆ ಮರಳು ಚೆಲ್ಲಿದಂತೆ ಕಾಣುವುದು ಇದೇ. ಬಾರದೆ ಹೋದ ಬೆಳಕನ್ನು ಯಾವ ಗುಣಾಕಾರವೂ ತಂದುಕೊಡಲಾರದು. ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಕೆಟ್ಟದು: ಕೊಡ ತುಂಬಿದ ಮೇಲೆ ಸುರಿದ ನೀರು ಹೊರಚೆಲ್ಲುವಂತೆ, ಮಿತಿಮೀರಿದ ಬೆಳಕಿನಲ್ಲಿ ಆಕಾಶದ ಮೋಡಗಳೂ ಬಿಳಿಯ ಬಟ್ಟೆಯ ಮಡಿಕೆಗಳೂ ಅಳಿಸಿಹೋಗುತ್ತವೆ.

ಪರಿಹಾರ ಬಲು ಸುಲಭ. ವ್ಯಕ್ತಿಯನ್ನು ಮಂಟಪದ ಅಂಚಿಗೆ ಕರೆತಂದು ಹೊರಗಿನ ಬೆಳಕಿಗೆ ಮುಖ ಮಾಡಿ ನಿಲ್ಲಿಸಬೇಕು. ಬಾಗಿಲು, ಕಿಟಕಿ, ಆಕಾಶಗಳು ಅವರ ಬೆನ್ನಿಗಲ್ಲದೆ ಪಟ ತೆಗೆಯುವವನ ಬೆನ್ನಿಗಿರಬೇಕು. ಸ್ಥಳ ಬದಲಿಸುವುದು ಅಸಾಧ್ಯವಾದರೆ ಮೊಬೈಲಿನ ತೆರೆಯ ಮೇಲೆ ಮುಖವನ್ನೇ ಬೆರಳಿನಿಂದ ಮುಟ್ಟಬೇಕು. ಆಗ ಯಂತ್ರವು ಬಹುಮಟ್ಟಿಗೆ ಆ ಭಾಗದ ಬೆಳಕನ್ನು ಅಳೆಯುತ್ತದೆ. ಎಚ್.ಡಿ.ಆರ್. ಎಂಬ ಏರ್ಪಾಡಿನಲ್ಲಿ ಮೊಬೈಲು ಹಲವು ಪಟಗಳನ್ನು ಒಂದರ ಹಿಂದೊಂದು ತೆಗೆದು, ಮೆದುಳಿನಂತೆಯೇ ಹೊಲಿದು ಒಂದಾಗಿಸುತ್ತದೆ. ಅದು ಉಪಯುಕ್ತವಾದುದೇ; ಆದರೆ ವ್ಯಕ್ತಿ ಅಲುಗಾಡಿದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ.

ಬೆಳಕಿನ ಅಳತೆಯಲ್ಲಿ ಇನ್ನೊಂದು ಮೋಸವಿದೆ. ಎದುರಿನ ದೃಶ್ಯವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಟ್ಟಾರೆ ಶೇಕಡಾ 18ರಷ್ಟನ್ನು ಪ್ರತಿಫಲಿಸುತ್ತದೆಂಬ ಊಹೆಯ ಮೇಲೆ ಬೆಳಕುಮಾಪಕಗಳನ್ನು ಹೊಂದಿಸುವುದು ವಾಡಿಕೆ. ಸಾಧಾರಣ ದೃಶ್ಯಗಳಿಗೆ ಈ ಊಹೆ ಸಲ್ಲುತ್ತದೆ. ಮಲ್ಲಿಗೆಯ ರಾಶಿಗೆ ಸಲ್ಲದು, ಕರಿಯ ಎಮ್ಮೆಗೂ ಸಲ್ಲದು. ಮಾಪಕದ ಮಾತನ್ನೇ ನಂಬಿದರೆ ಮಲ್ಲಿಗೆಯೂ ಬೂದು, ಎಮ್ಮೆಯೂ ಬೂದು. ಒಂದು ಬಿಳಿಯ ಹಾಳೆಯನ್ನೂ ಒಂದು ಕರಿಯ ಬಟ್ಟೆಯನ್ನೂ ಚೌಕಟ್ಟು ತುಂಬುವಂತೆ ಹಿಡಿದು ಬೇರೆಬೇರೆಯಾಗಿ ಪಟ ತೆಗೆದು ನೋಡಿರಿ. ಎರಡರ ವ್ಯತ್ಯಾಸ ಅಚ್ಚರಿಯಾಗುವಷ್ಟು ಕಡಿಮೆಯಿರುತ್ತದೆ. ಆದುದರಿಂದ ಬಿಳಿಯ ವಸ್ತುವಿಗೆ ಮಾಪಕ ಹೇಳಿದ್ದಕ್ಕಿಂತ ಹೆಚ್ಚು ಬೆಳಕನ್ನೂ ಕರಿಯ ವಸ್ತುವಿಗೆ ಕಡಿಮೆ ಬೆಳಕನ್ನೂ ಕೊಡಬೇಕು. ಬಿಳಿಗೆ ಹೆಚ್ಚು, ಕಪ್ಪಿಗೆ ಕಡಿಮೆ: ಮೊದಲ ನೋಟಕ್ಕೆ ತಿರುವುಮುರುವೆನಿಸುವ ಈ ನಿಯಮದ ಕಾರಣವಿದು.

ಅಲುಗಿದ ಚಿತ್ರಗಳು

ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಎಂಬಾತನು 1826 ಅಥವಾ 1827ರಲ್ಲಿ ತನ್ನ ಮನೆಯ ಕಿಟಕಿಯಿಂದ ತೆಗೆದ ಚಿತ್ರವೇ ಇಂದಿಗೂ ಉಳಿದಿರುವ, ಕ್ಯಾಮರಾದಿಂದ ತೆಗೆದ ಅತಿ ಹಳೆಯ ಛಾಯಾಚಿತ್ರ. ಅದಕ್ಕೆ ಹಲವು ಗಂಟೆಗಳ ಕಾಲ ಬೆಳಕು ಹಿಡಿಯಬೇಕಾಯಿತು. ಅಷ್ಟರಲ್ಲಿ ಸೂರ್ಯನೇ ಪೂರ್ವದಿಂದ ಪಶ್ಚಿಮಕ್ಕೆ ಸರಿದುದರಿಂದ ಎದುರುಬದುರಿನ ಗೋಡೆಗಳೆರಡರ ಮೇಲೂ ಬಿಸಿಲು ಬಿದ್ದಂತೆ ಆ ಚಿತ್ರದಲ್ಲಿ ಕಾಣುತ್ತದೆ. 1838ರಲ್ಲಿ ದಾಗೆರ್ ತೆಗೆದ ಪ್ಯಾರಿಸ್ಸಿನ ಬೀದಿಯ ಚಿತ್ರದ ಕಥೆ ಇನ್ನೂ ಸ್ವಾರಸ್ಯವಾದುದು. ಹಗಲಿನ ಜನಭರಿತ ಬೀದಿ ಅಲ್ಲಿ ಬರಿದಾಗಿ ಕಾಣುತ್ತದೆ. ನಡೆಯುತ್ತಿದ್ದವರೂ ಗಾಡಿಗಳೂ ಚಿತ್ರಕ್ಕೆ ಹತ್ತಲಿಲ್ಲ. ಬೂಟುಗಳಿಗೆ ಪಾಲಿಷ್ ಹಾಕಿಸಿಕೊಳ್ಳಲು ನಿಂತಿದ್ದ ಒಬ್ಬ ಮನುಷ್ಯ ಮಾತ್ರ ನಿಶ್ಚಲನಾಗಿದ್ದುದರಿಂದ ಉಳಿದುಕೊಂಡನು.

ಇಂದು ನಿಮಿಷಗಳ ಕಾಲ ಕಾಯಬೇಕಾಗಿಲ್ಲವಾದರೂ ತತ್ತ್ವ ಬದಲಾಗಿಲ್ಲ. ನಮ್ಮ ವಿದ್ಯಾರ್ಥಿಗಳು ತುಂಗಭದ್ರೆಯಲ್ಲಿ ತೇಲುತ್ತಿದ್ದ ಹರಿಗೋಲನ್ನು ಮುಸ್ಸಂಜೆಯಲ್ಲಿ ತೆಗೆದ ಪಟಗಳಲ್ಲಿ ಮುಖಗಳೆಲ್ಲ ನೀರಿನಲ್ಲಿ ಕದಡಿದಂತಿದ್ದವು. ಬೆಳಕು ಕಡಿಮೆಯಾದುದರಿಂದ ಯಂತ್ರವು ಷಟರನ್ನು ಹೆಚ್ಚು ಕಾಲ ತೆರೆದಿಟ್ಟಿತು. ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಅಡ್ಡಲಾಗಿ ಸಾಗುವ ಮನುಷ್ಯನು 1/30 ಸೆಕೆಂಡಿನಲ್ಲಿ 5 ಸೆಂಟಿಮೀಟರ್ ಸರಿಯುತ್ತಾನೆ. 1/500 ಸೆಕೆಂಡಿನಲ್ಲಿ 3 ಮಿಲಿಮೀಟರ್ ಮಾತ್ರ. ಸೆಕೆಂಡಿಗೆ 30 ಮೀಟರ್ ವೇಗದ ಕ್ರಿಕೆಟ್ ಚೆಂಡು 1/1000 ಸೆಕೆಂಡಿನಲ್ಲೂ 3 ಸೆಂಟಿಮೀಟರ್ ದಾಟಿರುತ್ತದೆ. ವೇಗವನ್ನು ಕಾಲದಿಂದ ಗುಣಿಸುವ ಈ ಸಣ್ಣ ಲೆಕ್ಕವನ್ನು ಮೊದಲೇ ಮಾಡಿಕೊಂಡರೆ ಎಷ್ಟು ಚುರುಕಾದ ಷಟರ್ ಬೇಕೆಂಬುದು ತಿಳಿಯುತ್ತದೆ.

ವಸ್ತು ನಿಶ್ಚಲವಾಗಿದ್ದರೂ ನಮ್ಮ ಕೈ ನಿಶ್ಚಲವಲ್ಲ. ಮೊಬೈಲಿನ ಚಿತ್ರದ ಅಗಲದಲ್ಲಿ 4,000 ಪಿಕ್ಸೆಲುಗಳಿದ್ದು, ಅದು 70 ಡಿಗ್ರಿಗಳಷ್ಟು ಅಗಲದ ನೋಟವನ್ನು ಹಿಡಿಯುತ್ತದೆಂದು ಭಾವಿಸಿದರೆ ಒಂದು ಡಿಗ್ರಿಗೆ ಸುಮಾರು 57 ಪಿಕ್ಸೆಲುಗಳಾಗುತ್ತವೆ. ಕೈ ಸೆಕೆಂಡಿಗೆ ಒಂದೇ ಡಿಗ್ರಿಯಷ್ಟು ತಿರುಗಿದರೂ 1/15 ಸೆಕೆಂಡಿನಲ್ಲಿ ಬಿಂಬವು 4 ಪಿಕ್ಸೆಲುಗಳ ಮೇಲೆ ಹರಡಿಕೊಳ್ಳುತ್ತದೆ. 1/125 ಸೆಕೆಂಡಿನಲ್ಲಿ ಅರ್ಧ ಪಿಕ್ಸೆಲಿಗಿಂತಲೂ ಕಡಿಮೆ. 35 ಮಿ.ಮೀ. ಫಿಲ್ಮಿನ ಕ್ಯಾಮರಾ ಹಿಡಿದವರಲ್ಲಿ ಇದಕ್ಕಾಗಿ ಒಂದು ನಿಯಮ ರೂಢಿಯಲ್ಲಿತ್ತು: ಸಂಗಮದೂರ 50 ಮಿ.ಮೀ. ಆದರೆ 1/50 ಸೆಕೆಂಡಿಗಿಂತ, 200 ಮಿ.ಮೀ. ಆದರೆ 1/200 ಸೆಕೆಂಡಿಗಿಂತ ಹೆಚ್ಚು ಕಾಲ ಕೈಯಲ್ಲಿ ಹಿಡಿದು ತೆಗೆಯಬಾರದು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳುವುದು, ಕಂಬಕ್ಕೆ ಒರಗುವುದು, ಗುಂಡಿಯನ್ನು ಗುದ್ದದೆ ಮೆಲ್ಲನೆ ಅದುಮುವುದು, ಇವು ಖರ್ಚಿಲ್ಲದ ಉಪಾಯಗಳು. ಕೈನಡುಕವನ್ನು ಸರಿದೂಗಿಸುವ ಸಾಧನ ಈಗಿನ ಅನೇಕ ಕ್ಯಾಮರಾಗಳಲ್ಲಿದೆ. ಆದರೆ ಹರಿಗೋಲಿನ ಚಲನೆಯನ್ನು ಅದು ತಡೆಯಲಾರದೆಂಬುದನ್ನು ಮರೆಯಬಾರದು.

ಸಂಗಮ ತಪ್ಪಿದಾಗ

ಕೆಲವು ಚಿತ್ರಗಳಲ್ಲಿ ಹಿಂದಿನ ಗೋಡೆಯ ಕೆತ್ತನೆ ಚೊಕ್ಕಟವಾಗಿರುತ್ತದೆ, ಎದುರಿನ ವ್ಯಕ್ತಿ ಮಸುಕಾಗಿರುತ್ತಾನೆ. ಇದು ಅಲುಗಾಟದಿಂದ ಬಂದ ದೋಷವಲ್ಲ. ಅಲುಗಿದ್ದರೆ ಗೋಡೆಯೂ ಮಸುಕಾಗಬೇಕಿತ್ತು. 50 ಮಿ.ಮೀ. ಮಸೂರವು ಬಹುದೂರದ ವಸ್ತುವಿನ ಬಿಂಬವನ್ನು ತನ್ನಿಂದ 50 ಮಿ.ಮೀ. ಹಿಂದೆ ಮೂಡಿಸಿದರೆ, 2 ಮೀಟರ್ ದೂರದಲ್ಲಿರುವ ವ್ಯಕ್ತಿಯ ಬಿಂಬವನ್ನು ಸುಮಾರು 51.3 ಮಿ.ಮೀ. ಹಿಂದೆ ಮೂಡಿಸುತ್ತದೆ. ಪಾಠಪುಸ್ತಕದ ಮಸೂರ ಸೂತ್ರದಿಂದ ವಾಚಕರೇ ಇದನ್ನು ಪರೀಕ್ಷಿಸಿಕೊಳ್ಳಬಹುದು. ಸಂವೇದಕವು ದೂರದ ವಸ್ತುವಿಗೆ ಹೊಂದಿಕೊಂಡಿದ್ದರೆ ವ್ಯಕ್ತಿಯ ಮೇಲಿನ ಒಂದೊಂದು ಬಿಂದುವೂ ಒಂದೊಂದು ಬಿಲ್ಲೆಯಾಗಿ ಬೀಳುತ್ತದೆ. ಎಫ್-ಸಂಖ್ಯೆ 2 ಆದಾಗ ರಂಧ್ರದ ವ್ಯಾಸ 25 ಮಿ.ಮೀ.; ಸಮರೂಪ ತ್ರಿಭುಜಗಳ ಲೆಕ್ಕದಂತೆ ಬಿಲ್ಲೆಯ ವ್ಯಾಸ ಸುಮಾರು 0.6 ಮಿ.ಮೀ. ಎಫ್-ಸಂಖ್ಯೆ 16 ಆದಾಗ ಅದು ಅದರ ಎಂಟರಲ್ಲಿ ಒಂದು ಪಾಲು. ರಂಧ್ರ ಕಿರಿದಾದಷ್ಟೂ ಹೆಚ್ಚು ಆಳದವರೆಗೆ ಚಿತ್ರ ಸ್ಪಷ್ಟವಾಗುವುದು ಈ ಕಾರಣದಿಂದಲೇ. ಆದರೆ ಬೆಳಕು ಅರುವತ್ತನಾಲ್ಕನೆಯ ಒಂದು ಪಾಲಿಗೆ ಇಳಿಯುವುದರಿಂದ ಷಟರ್ ಅಷ್ಟು ಹೆಚ್ಚು ಕಾಲ ತೆರೆದಿರಬೇಕಾಗುತ್ತದೆ. ಇಲ್ಲಿ ಗಳಿಸಿದ್ದನ್ನು ಅಲ್ಲಿ ತೆರಬೇಕು.

ಮೊಬೈಲಿನ ಮಸೂರದ ಸಂಗಮದೂರ ಕೆಲವೇ ಮಿಲಿಮೀಟರುಗಳಾದುದರಿಂದ ಈ ದೋಷ ಅದರಲ್ಲಿ ಕಡಿಮೆ. ಅದರ ಮುಖ್ಯ ಶತ್ರು ಬೇರೆ. ಪ್ರವಾಸದ ಒಂದು ಮಧ್ಯಾಹ್ನ ತೆಗೆದ ಪಟಗಳೆಲ್ಲ ಮಂಜು ಮುಸುಕಿದಂತಿದ್ದವು. ಅದಕ್ಕೆ ಸ್ವಲ್ಪ ಮೊದಲು ಎಲ್ಲರೂ ಮಂಡಕ್ಕಿ ಮೆಣಸಿನಕಾಯಿ ತಿಂದಿದ್ದೆವು. ಬೆರಳಿನ ಎಣ್ಣೆ ಮಸೂರಕ್ಕೆ ಹತ್ತಿದಾಗ ಬೆಳಕು ಚದರಿ, ಕಪ್ಪಾಗಿರಬೇಕಾದೆಡೆಯೆಲ್ಲ ಬಿಳುಪು ಸೇರಿಕೊಳ್ಳುತ್ತದೆ. ಮೆತ್ತನೆಯ ಶುಚಿಯಾದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಮಂಜು ಹರಿಯುತ್ತದೆ. ಬೆರಳುಗಳಿಂದ ತೆರೆಯನ್ನು ಹಿಗ್ಗಿಸಿ ದೂರದ ವಸ್ತುವನ್ನು ಹತ್ತಿರಕ್ಕೆ ತರುವುದೂ ಒಂದು ಭ್ರಮೆ. ದೂರಕ್ಕೆಂದೇ ಪ್ರತ್ಯೇಕ ಮಸೂರವಿಲ್ಲದ ಮೊಬೈಲಿನಲ್ಲಿ ಎರಡರಷ್ಟು ಹಿಗ್ಗಿಸಿದರೆ ಪಿಕ್ಸೆಲುಗಳಲ್ಲಿ ಕಾಲುಭಾಗ ಮಾತ್ರ ಉಳಿಯುತ್ತದೆ. ನಾಲ್ಕು ಹೆಜ್ಜೆ ನಡೆದು ಹತ್ತಿರ ಹೋಗುವುದೇ ಮೇಲು.

ಮಿಂಚುದೀಪದ ಮಿತಿ

ಕತ್ತಲೆಯ ಮಂಟಪದಲ್ಲಿ ಗುಂಪಿನ ಪಟ ತೆಗೆಯುವಾಗ ಫ್ಲ್ಯಾಷ್ ದೀಪವನ್ನು ನಂಬುವವರು ವಿಲೋಮ ವರ್ಗ ನಿಯಮವನ್ನು ನೆನಪಿಡಬೇಕು. ದೀಪದಿಂದ ದೂರ ಎರಡರಷ್ಟಾದರೆ ದೀಪ್ತಿ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಒಂದು ಮೀಟರ್ ದೂರದಲ್ಲಿ ಕುಳಿತವನಿಗೆ ದೊರೆತ ಬೆಳಕಿನಲ್ಲಿ ಹದಿನಾರರಲ್ಲಿ ಒಂದು ಪಾಲು ಮಾತ್ರ ನಾಲ್ಕು ಮೀಟರ್ ದೂರದಲ್ಲಿ ನಿಂತವನಿಗೆ ದೊರೆಯುತ್ತದೆ. ಮುಂದಿನ ಮುಖ ಸುಣ್ಣ ಬಳಿದಂತೆ, ಹಿಂದಿನದು ಮಸಿ ಬಳಿದಂತೆ ಆಗುವುದು ಇದರಿಂದ. ಎಲ್ಲರನ್ನೂ ದೀಪದಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ, ತುಸು ಬಾಗಿದ ಸಾಲಿನಲ್ಲಿ ನಿಲ್ಲಿಸಿದರೆ ದೋಷ ಕಡಿಮೆಯಾಗುತ್ತದೆ. ದೂರದ ಬೆಟ್ಟವನ್ನೋ ಚಂದ್ರನನ್ನೋ ಫ್ಲ್ಯಾಷ್ ಹಾಕಿ ತೆಗೆಯುವುದಂತೂ ವ್ಯರ್ಥ.

ವಾಲಿದ ಗೋಪುರ, ಉಬ್ಬಿದ ಮೂಗು

ವಿರೂಪಾಕ್ಷನ ರಾಜಗೋಪುರದ ಎತ್ತರ ಸುಮಾರು 50 ಮೀಟರ್. ಬುಡದಿಂದ 25 ಮೀಟರ್ ದೂರದಲ್ಲಿ ನಿಂತು ಕ್ಯಾಮರಾವನ್ನು ಮೇಲಕ್ಕೆತ್ತಿದರೆ ಗೋಪುರದ ತುದಿ ನಮ್ಮಿಂದ 56 ಮೀಟರ್ ದೂರದಲ್ಲಿರುತ್ತದೆ. ಬುಡಕ್ಕಿಂತ ಎರಡರಷ್ಟು ದೂರವಿರುವ ತುದಿಯು ಬಹಳ ಕಿರಿದಾಗಿ ಮೂಡಿ, ಗೋಪುರ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಎದುರಿನ ಉದ್ದನೆಯ ಬೀದಿಯಲ್ಲಿ 150 ಮೀಟರ್ ಹಿಂದಕ್ಕೆ ಹೋದರೆ ತುದಿಯ ದೂರ 158 ಮೀಟರ್. ವ್ಯತ್ಯಾಸ ಅತ್ಯಲ್ಪವಾಗಿ, ಗೋಪುರ ನೆಟ್ಟಗೆ ನಿಲ್ಲುತ್ತದೆ.

ಮುಖಕ್ಕೂ ಇದೇ ಗಣಿತ. ಮೊಬೈಲನ್ನು ಮೂಗಿನಿಂದ 30 ಸೆಂ.ಮೀ. ದೂರದಲ್ಲಿ ಹಿಡಿದರೆ, ಅದಕ್ಕಿಂತ 12 ಸೆಂ.ಮೀ. ಹಿಂದಿರುವ ಕಿವಿಗೆ ಹೋಲಿಸಿದಾಗ ಮೂಗು 1.4 ಪಟ್ಟು ಹಿಗ್ಗಿ ಮೂಡುತ್ತದೆ. ಎರಡು ಮೀಟರ್ ದೂರದಿಂದ ತೆಗೆದರೆ ಈ ಹಿಗ್ಗು 1.06 ಪಟ್ಟು ಮಾತ್ರ. ತಮ್ಮ ಮುಖವೇ ಕೆಟ್ಟದೆಂದು ಕೊರಗುವ ಎಳೆಯರಿಗೆ ನಾವು ಹೇಳುವುದಿಷ್ಟು: ದೋಷ ಮೂಗಿನದಲ್ಲ, ದೂರದ್ದು.

ಒತ್ತುವ ಮುನ್ನ

ಇಷ್ಟನ್ನೂ ಪ್ರತಿಸಲ ಲೆಕ್ಕ ಹಾಕುತ್ತ ಕುಳಿತರೆ ಪಟ ತೆಗೆಯುವ ಕ್ಷಣ ಜಾರಿಹೋಗುತ್ತದೆ. ಆದುದರಿಂದ ಗುಂಡಿ ಒತ್ತುವ ಮುನ್ನ ಐದು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ ಸಾಕು. ಮಸೂರ ಶುಚಿಯಾಗಿದೆಯೆ? ಬೆಳಕು ಯಾವ ಕಡೆಯಿಂದ ಬರುತ್ತಿದೆ? ಯಾವುದು ಅಲುಗುತ್ತಿದೆ, ವಸ್ತುವೋ ಕೈಯೋ? ಯಾವುದು ಸ್ಪಷ್ಟವಾಗಿರಬೇಕು? ನಾವು ನಿಂತಿರುವ ದೂರ ಸರಿಯೆ? ತೆಗೆದ ಕೂಡಲೆ ಪಟವನ್ನು ಹಿಗ್ಗಿಸಿ ಮುಖವನ್ನು ನೋಡಬೇಕು. ವ್ಯಕ್ತಿ ಇನ್ನೂ ಎದುರಿಗಿರುವಾಗ ಇನ್ನೊಂದು ಪಟ ತೆಗೆಯಲು ಅರ್ಧ ನಿಮಿಷ ಸಾಕು.

ಅಟೆಂಡರರ ಆ ಪಟವನ್ನು ನಾವು ಗಣಕಯಂತ್ರದಲ್ಲಿ ಸಾಧ್ಯವಾದಷ್ಟು ಬೆಳಗಿಸಿದೆವು. ಕನ್ನಡಕದ ಅಂಚು, ಮೀಸೆಯ ಗೆರೆ, ನಗುವಿನ ಒಂದು ಸುಳಿವು, ಇವಿಷ್ಟು ಮರಳಿನ ನಡುವಿನಿಂದ ಎದ್ದು ಬಂದವು. ಮಗ ಅದನ್ನು ಬಹಳ ಹೊತ್ತು ನೋಡಿ, "ಅಪ್ಪಾಜಿಯೇ" ಎಂದು ಹೇಳಿ ತೆಗೆದುಕೊಂಡು ಹೋದನು. ಪಟ ತೆಗೆದ ವಿದ್ಯಾರ್ಥಿಯು ಅಂದು ಬಾಗಿಲ ಬಳಿ ನಿಂತಿದ್ದನು. ಅಟೆಂಡರರನ್ನು ಎರಡು ಹೆಜ್ಜೆ ಮುಂದಕ್ಕೆ, ಮಂಟಪದ ಅಂಚಿಗೆ ಕರೆದಿದ್ದರೆ ಸಾಕಾಗಿತ್ತೆಂಬುದು ಆತನಿಗೂ ತಿಳಿದಿತ್ತು, ನಮಗೂ ತಿಳಿದಿತ್ತು.